ಎಡಗಡೆಯ ಮೂಲೆ

ಜುಲೈ ೨೮, ಭಾನುವಾರ
ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ ನಿನ್ನ ತಮ್ಮನ ನಮಸ್ಕಾರಗಳು.

ನಿನ್ನ ಪತ್ರ ಬಂದು ಐದು ದಿನವಾಯಿತು. ಒಂದೇ ಸಾಲು ಬರೆದಿದ್ದೀಯ. ನಿಜವಾಗಿ ಏನಾಯಿತು ಅಂತ ಬರೆದು ತಿಳಿಸು, ಅಷ್ಟೇ. ಕ್ಷೇಮ ಸಮಾಚಾರವಿಲ್ಲ, ಹೊತ್ತಿಗೆ ಸರಿಯಾಗಿ ಊಟ ಮಾಡು ಎನ್ನುವ ಮಾಮೂಲಿ ಬೈಗುಳವೂ ಇಲ್ಲ. ನನ್ನ ಫೋನಿನ ಮಾತುಗಳನ್ನು ನೀನು ನಂಬಿಲ್ಲ ಎಂದು ಅದರಲ್ಲೇ ಗೊತ್ತಾಯಿತು. ನೀನು ಮೂರು ಸಲ ಫೋನಿನಲ್ಲಿ ಕೇಳಿದೆ. ಮೂರು ಸಲವೂ ನಾನು ಸಿಗ್ನಲ್ ಸಿಗ್ತಿಲ್ಲ ಅಕ್ಕ ಅಂತ ಕೂಗಿ ಇಟ್ಟುಬಿಟ್ಟೆ. ಸಿಗ್ನಲ್ ಚೆನ್ನಾಗಿಯೇ ಇತ್ತು. ನೀನು ಉಸಿರು ಬಿಡುವುದು ಕೂಡ ಕೇಳಿಸುತ್ತಿತ್ತು. ಮಗನ ಆಪರೇಷನ್ ಹೊತ್ತಿಗೆ ನೀನು ಇಲ್ಲಿಗೆ ಬಂದು ಆಸ್ಪತ್ರೆಯಲ್ಲಿ ಕೂತಿದ್ದ ನಾಲ್ಕು ದಿನವೂ ನಾನು ಮೈದಾನದಲ್ಲಿ ಕೆಲಸ ಇದೆ ಎಂದು ತಪ್ಪಿಸಿಕೊಂಡು ಓಡಾಡಿದೆ. ಒಂದು ಕಡ್ಡಿ ಕೆಲಸವೂ ಇರಲಿಲ್ಲ. ಖಾಲಿ ಗ್ಯಾಲರಿಯಲ್ಲಿ ಕೂತು ಬರುತ್ತಿದ್ದೆ.

ಮೊದಲು ಪುಟ್ಟನ ವಿಷಯ ಹೇಳುತ್ತೇನೆ. ಕ್ರೀಡಾಂಗಣದ ಗ್ಯಾಲರಿ ಹಿಂದಿನ ನಮ್ಮ ಎರಡು ಕೋಣೆಯ ಮನೆಯಲ್ಲೇ ಇದ್ದಾನೆ. ಮುಂದಿನ ಕೋಣೆಯಲ್ಲಿ ಅವನ ಮಂಚ. ಕಿಟಕಿಯಿಂದ ಮೈದಾನದ ಒಂದು ತುಂಡು ಕಾಣುತ್ತದೆಂದು ನನ್ನವಳು ಮಂಚವನ್ನು ಗೋಡೆಯ ಕಡೆ ತಿರುಗಿಸಿಬಿಟ್ಟಿದ್ದಾಳೆ. ಹೊಲಿಗೆ ಬಿಚ್ಚಿದ್ದಾರೆ. ಮಂಡಿ ಮಡಚಲು ದಿನಕ್ಕೆ ಎರಡು ಸಲ ವ್ಯಾಯಾಮ. ಅತ್ತೆ ಎಣಿಸುತ್ತಾಳೆ, ಅಳಿಯ ಹಲ್ಲು ಕಚ್ಚಿಕೊಂಡು ಮಡಚುತ್ತಾನೆ. ನೋವಾಗ್ತಿದೆಯೇನೋ ಅಂತ ಅವಳು ಕೇಳಿದರೆ, ನೋವೇನಿಲ್ಲ ಅತ್ತೆ, ನೀವು ಎಣಿಸೋದೇ ನಿಧಾನ, ಹತ್ತಕ್ಕೆ ಬರೋ ಹೊತ್ತಿಗೆ ನನಗೆ ವಯಸ್ಸಾಗುತ್ತೆ ಅಂತ ನಗಿಸುತ್ತಾನೆ. ನನ್ನ ಜೊತೆ ಮಾತ್ರ ತಮಾಷೆ ಮಾಡುವುದಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಾನೆ, ಬಂದಾಗ ಎದ್ದು ಕೂರಲು ನೋಡುತ್ತಾನೆ. ತೊಡೆಯ ಮೇಲೆ ಕೂತು ನನ್ನ ಮೀಸೆ ಎಳೆದು ಬೆಳೆದ ಹುಡುಗ ನನಗೆ ಮರ್ಯಾದೆ ಕೊಡುತ್ತಿದ್ದಾನೆ, ನನಗೆ ಅದೇ ತಡೆಯಲಾಗುತ್ತಿಲ್ಲ.

ನಾಳೆ ವಿಚಾರಣೆ. ಫುಟ್‌ಬಾಲ್ ಪಂದ್ಯಗಳನ್ನು ನಡೆಸಿದ ಸಮಿತಿಯವರು ನನ್ನನ್ನೂ ಪುಟ್ಟನನ್ನೂ ಕರೆದಿದ್ದಾರೆ. ಅವರ ವೈದ್ಯರು ಅವನ ಮಂಡಿಯ ಸ್ಕ್ಯಾನಿನಲ್ಲಿ ಹಳೆಯ ಪೆಟ್ಟಿನ ಗುರುತು ಹುಡುಕಿ ತೆಗೆದಿದ್ದಾರೆ. ಹದಿನಾರನೇ ವಯಸ್ಸಿನಲ್ಲಿ ಸೈಕಲ್ಲಿನಿಂದ ಬಿದ್ದಿದ್ದನಲ್ಲ, ನೀನು ಹದಿನೈದು ದಿನ ಬಿಸಿನೀರಿನ ಶಾಖ ಕೊಟ್ಟೆ, ಆಮೇಲೆ ಅವನಿಗಾಗಲಿ ನಿನಗಾಗಲಿ ಅದರ ನೆನಪೇ ಇರಲಿಲ್ಲ, ಆ ಪೆಟ್ಟು. ಈಗ ಅದನ್ನೇ ಹಿಡಿದುಕೊಂಡು, ಇವನು ಮಂಡಿ ನೋವನ್ನು ಮುಚ್ಚಿಟ್ಟು ಆಡಿದ, ಅದಕ್ಕೇ ಲಿಗಮೆಂಟ್ ಹರಿಯಿತು ಎನ್ನುತ್ತಿದ್ದಾರೆ. ಹಾಗೆಂದು ತೀರ್ಮಾನವಾದರೆ ಅವನ ಕ್ಲಬ್ಬು ಕರಾರು ರದ್ದು ಮಾಡುತ್ತದೆ. ಇನ್ನೊಂದು ಆಪರೇಷನ್ ಆಗಬೇಕಿದೆ, ಅದೂ ಅವರ ಹೊಣೆಯಲ್ಲ. ಪೆಟ್ಟು ಮುಚ್ಚಿಡುವ ಆಟಗಾರ ಎಂದು ಒಮ್ಮೆ ಹೆಸರು ಬಿದ್ದರೆ ಆಮೇಲೆ ಯಾವ ಕ್ಲಬ್ಬೂ ಹತ್ತಿರ ಸೇರಿಸುವುದಿಲ್ಲ. ಇಪ್ಪತ್ತೆರಡಕ್ಕೆ ಮುಗಿದುಹೋದ ಹಾಗೆ. ತಪ್ಪು ನೆಲದ್ದು ಎಂದಾದರೆ ಕರಾರು ಉಳಿಯುತ್ತದೆ, ಕಾಲು ವಾಸಿಯಾಗುವ ತನಕ ಕ್ಲಬ್ಬು ನೋಡಿಕೊಳ್ಳುತ್ತದೆ, ಹೆಸರೂ ಉಳಿಯುತ್ತದೆ. ಹೋಗುವುದು ನೆಲ ನೋಡಿಕೊಳ್ಳುವ ನನ್ನ ಕೆಲಸ ಮತ್ತು ಅದರ ಜೊತೆ ಕೊಟ್ಟ ಈ ಮನೆ.

ತಪ್ಪು ನೆಲದ್ದೇ ಅಕ್ಕ. ಇಷ್ಟು ಬರೆಯಲು ಬೆಳಿಗ್ಗೆಯಿಂದ ಕೂತಿದ್ದೇನೆ.

ಮೊದಲಿನಿಂದ ಹೇಳುತ್ತೇನೆ, ಇಲ್ಲದಿದ್ದರೆ ನಾನು ಮತ್ತೆ ಎಲ್ಲಾದರೂ ನುಣುಚಿಕೊಳ್ಳುತ್ತೇನೆ. ಮೇ ತಿಂಗಳಲ್ಲಿ ಕ್ರೀಡಾಂಗಣದ ದೊಡ್ಡವರು ಮೈದಾನವನ್ನು ಒಂದು ಹಾಡಿನ ಕಾರ್ಯಕ್ರಮಕ್ಕೆ ಬಾಡಿಗೆ ಕೊಟ್ಟರು. ಹುಲ್ಲಿನ ಮೇಲೆ ಹಲಗೆ ಹಾಸಿ, ಅದರ ಮೇಲೆ ನಲವತ್ತು ಸಾವಿರ ಜನರನ್ನು ಕುಣಿಸಿದರು. ಮೂರು ದಿನದ ಮೇಲೆ ಹಲಗೆ ಎತ್ತಿದಾಗ ನನ್ನ ಹುಲ್ಲು ಕಾಮಾಲೆ ಬಂದ ಹಾಗಿತ್ತು. ಇಪ್ಪತ್ತೆಂಟು ವರ್ಷ ಸಾಕಿದ ಹುಲ್ಲು. ಕುಕ್ಕರಗಾಲಿನಲ್ಲಿ ಕೂತು ಅತ್ತುಬಿಟ್ಟೆ ಎಂದರೆ ನೀನು ನಗುತ್ತೀಯ. ನಗು. ಇಲ್ಲಿ ಎಲ್ಲರೂ ನನ್ನನ್ನು ಹುಲ್ಲಪ್ಪ ಎಂದು ಕರೆಯುವುದು ಸುಮ್ಮನೆ ಅಲ್ಲವಲ್ಲ.

ಅದೇ ವಾರ ಸುದ್ದಿ ಬಂತು. ಮೂರು ದೊಡ್ಡ ಹೊರದೇಶದ ಕ್ಲಬ್ಬುಗಳು ಬರುತ್ತವೆ, ನಮ್ಮ ಕ್ಲಬ್ಬು ಸೇರಿ ನಾಲ್ಕು ತಂಡಗಳ ಸೌಹಾರ್ದ ಪಂದ್ಯಾವಳಿ, ಜುಲೈ ಮೊದಲ ವಾರ. ಈ ಸೌಹಾರ್ದ ಪಂದ್ಯಗಳ ಸಂಗತಿ ನಿನಗೆ ಗೊತ್ತಿರಲಿಕ್ಕಿಲ್ಲ. ಅವರ ಸೀಸನ್ ಶುರುವಾಗುವ ಮುಂಚೆ ರಜೆಯಲ್ಲಿ ಸೇರಿಕೊಂಡ ಬೊಜ್ಜು ಇಳಿಸಲು ಊರೂರು ತಿರುಗುತ್ತಾರೆ. ಬಸ್ಸುಗಳ ಮೇಲೆ ಅವರ ಮುಖದ ಚಿತ್ರ, ಅಂಗಡಿಗಳಲ್ಲಿ ಅವರ ಅಂಗಿ. ಗೆದ್ದರೂ ಸೋತರೂ ಯಾರ ಗಂಟೂ ಹೋಗುವುದಿಲ್ಲ. ಕಾಲಿಗೆ ಪೆಟ್ಟಾದೀತೆಂದು ದೊಡ್ಡ ಆಟಗಾರರು ಮೆಲ್ಲಗೆ ಓಡುತ್ತಾರೆ, ಡಿಕ್ಕಿಯಾಗುವ ಮುಂಚೆಯೇ ಸರಿದು ನಿಲ್ಲುತ್ತಾರೆ. ಪಂದ್ಯ ಮುಗಿದ ಮೇಲೆ ಹುಲ್ಲು ನೋಡಿದರೆ ನನಗೆ ಗೊತ್ತಾಗುತ್ತದೆ. ನಿಜವಾದ ಪಂದ್ಯವಾದರೆ ಕಿತ್ತ ಹುಲ್ಲಿನ ತುಂಡುಗಳನ್ನು ಎರಡು ಬಕೆಟ್ ತುಂಬಿಸುತ್ತೇನೆ. ಸೌಹಾರ್ದ ಪಂದ್ಯವಾದರೆ ಅರ್ಧ ಬಕೆಟ್ ಆದರೆ ಹೆಚ್ಚು. ಈ ಅರ್ಧ ಬಕೆಟ್ ಲೆಕ್ಕವೇ ನನ್ನ ತಲೆ ಕೆಡಿಸಿದ್ದು.

ಸತ್ತ ಹುಲ್ಲನ್ನು ಸುಲಿದು, ಬೇರೆ ಕಡೆ ಬೆಳೆಸಿದ ಹುಲ್ಲನ್ನು ಮಣ್ಣಿನ ಸಮೇತ ಕತ್ತರಿಸಿ, ಸುರುಳಿ ಸುತ್ತಿ ಲಾರಿಯಲ್ಲಿ ತಂದು, ಕಂಬಳಿ ಬಿಡಿಸಿದ ಹಾಗೆ ಹಾಸುತ್ತಾರೆ. ಕೆಳಗೆ ಬೇರು ಇಳಿಯಲು ಮೂರು ವಾರವಾದರೂ ಬೇಕು. ದೊಡ್ಡವರು ಹಣ ಮಂಜೂರು ಮಾಡುವಷ್ಟರಲ್ಲಿ ಜೂನ್ ಮುಗಿಯುತ್ತಾ ಬಂದು, ನಮಗೆ ಉಳಿದದ್ದು ಹನ್ನೊಂದು ದಿನ. ಅದಕ್ಕೆ ದಪ್ಪ ಸುರುಳಿ ತರಿಸುವುದು. ನಾಲ್ಕು ಸೆಂಟಿಮೀಟರ್ ದಪ್ಪ ಇದ್ದರೆ ಬೇರು ಇಳಿಯದಿದ್ದರೂ ತನ್ನ ತೂಕಕ್ಕೆ ತಾನೇ ಕಚ್ಚಿಕೊಂಡು ನಿಲ್ಲುತ್ತದೆ. ಮೂರು ಲಾರಿ ಅಂಥದ್ದೇ ಬಂತು. ನಾಲ್ಕನೆಯದರಲ್ಲಿ ಬಂದ ಸುರುಳಿಗಳನ್ನು ಎತ್ತುವಾಗಲೇ ಹಗುರವಾಗಿದ್ದವು. ಅಳೆದೆ. ಎರಡೂ ಕಾಲು ಸೆಂಟಿಮೀಟರ್. ಹಿಂದಕ್ಕೆ ಕಳಿಸಿದರೆ ಬೇರೆ ಬರಲು ಒಂದು ವಾರ. ಉಳಿದಿದ್ದದ್ದು ಎಡಗಡೆಯ ಮೂಲೆಯೊಂದೇ, ಅಲ್ಲಿ ಹಾಸಿಬಿಟ್ಟೆವು.

ಈ ಕೊನೆಯ ಮಾತಿನ ಬಗ್ಗೆ ಆಮೇಲೆ ಇನ್ನಷ್ಟು ಬರೆಯುವುದಿದೆ.

ನಮ್ಮ ಪುಟ್ಟನಿಗೆ ಅದೇ ಹೊತ್ತಿಗೆ ಕೋಚ್ ಬಂದು ಹೇಳಿದರಂತೆ, ಮೂರು ಕ್ಲಬ್ಬುಗಳಲ್ಲಿ ಒಂದರವರು ಎಳೆ ವಯಸ್ಸಿನ ಹುಡುಗನೊಬ್ಬನನ್ನು ಹುಡುಕುತ್ತಿದ್ದಾರೆ, ನಿನ್ನನ್ನು ನೋಡೋಕೆ ಅಂತಲೇ ಒಬ್ಬರು ಬರ್ತಾರೆ, ಒಂದೇ ಪಂದ್ಯ, ಚೆನ್ನಾಗಿ ಆಡು ಅಂತ. ಆ ಸಂಜೆ ನಮ್ಮ ಮನೆಗೆ ಬಂದು ಕೋಣೆಯಿಂದ ಕೋಣೆಗೆ ಓಡಾಡಿದ. ಎರಡೇ ಕೋಣೆ, ಓಡಾಡಲು ಜಾಗವಾದರೂ ಎಲ್ಲಿ. ಅಮ್ಮಂಗೆ ಹೇಳಬೇಡಿ ಮಾವ, ಆದ್ಮೇಲೆ ಹೇಳೋಣ, ಅವಳು ಹೊಲಿಗೆ ಮಷೀನು ನಿಲ್ಲಿಸಿಬಿಡ್ತಾಳೆ, ಶಾಲೆಗಳು ಶುರುವಾಗಿರೋ ಹೊತ್ತು ಅಂದ. ನೀನು ಯೂನಿಫಾರ್ಮಿನ ರಾಶಿಯಲ್ಲಿ ಮುಳುಗಿದ್ದೆಯಲ್ಲ, ಅದಕ್ಕೆ. ಅವನು ಅಷ್ಟು ಖುಷಿಯಾಗಿದ್ದದ್ದನ್ನು ನೀನು ನೋಡಲಿಲ್ಲ.

ಪಂದ್ಯದ ಹಿಂದಿನ ದಿನ ಹೊರದೇಶದ ಕ್ಲಬ್ಬಿನಿಂದ ಒಬ್ಬ ಅಳತೆಗಾರ ಬಂದ. ನೀನು ಮಕ್ಕಳಿಗೆ ಅಳತೆ ತೆಗೆಯುವ ಹಾಗೆ ಹುಲ್ಲಿಗೆ ಅಳತೆ ತೆಗೆದ. ಎತ್ತರ ಇಷ್ಟು, ತೇವ ಇಷ್ಟು, ಚೆಂಡು ಉರುಳುವುದು ಇಷ್ಟು ದೂರ. ನಟ್ಟನಡುವೆ ನೋಡಿದ, ಎರಡೂ ಗೋಲಿನ ಮುಂದೆ ನೋಡಿದ. ಮೂಲೆಗಳ ಕಡೆ ಹೋಗಲೇ ಇಲ್ಲ. ನಾನೂ ಕರೆದುಕೊಂಡು ಹೋಗಲಿಲ್ಲ. ಬಹಳ ಚೆನ್ನಾಗಿದೆ ಎಂದು ಕೈಕುಲುಕಿದ. ನಮ್ಮ ಮ್ಯಾನೇಜರ್ ಕಾಗದ ಹಿಡಿದುಕೊಂಡು ಬಂದು, ಎಲ್ಲಾ ಸರಿ ತಾನೇ ಹುಲ್ಲಪ್ಪ ಅಂದರು. ಸರಿ ಸರ್ ಅಂದೆ. ಮೈದಾನ ಆಟಕ್ಕೆ ಯೋಗ್ಯವಾಗಿದೆ ಎಂದು ಅಚ್ಚಾಗಿದ್ದ ಸಾಲಿನ ಕೆಳಗೆ ಸಹಿ ಹಾಕಿದೆ.

ಬೇರು ಇಳಿದಿದೆಯೇ ಎಂದು ತಿಳಿಯಲು ಯಂತ್ರ ಬೇಡ ಅಕ್ಕ. ಒಂದು ಹಿಡಿ ಹುಲ್ಲು ಹಿಡಿದು ಎಳೆಯಬೇಕು. ಬೇರು ಇಳಿದಿದ್ದರೆ ಹುಲ್ಲು ಹರಿದು ಕೈಗೆ ಬರುತ್ತದೆ. ಇಳಿಯದಿದ್ದರೆ ಹಾಸಿದ್ದು ಹಾಸಿದ ಹಾಗೆ ಮೇಲೇಳುತ್ತದೆ. ಪಂದ್ಯದ ದಿನ ಬೆಳಿಗ್ಗೆ ಆರು ಗಂಟೆಗೆ ನಾನು ಎಡಗಡೆಯ ಮೂಲೆಗೆ ಹೋಗಿ ಎಳೆದು ನೋಡಿದೆ. ಚಾಪೆ ಎತ್ತಿದ ಹಾಗೆ ಎದ್ದು ಬಂತು. ಕೆಳಗೆ ಮಣ್ಣು ಒಣಗಿತ್ತು. ಮತ್ತೆ ಹಾಸಿ, ಸಂದುಗಳಿಗೆ ಮರಳು ತುಂಬಿ, ರೋಲರ್ ಹೊಡೆಸಿದೆ. ಆಗಲೂ ಮ್ಯಾನೇಜರ್ ಹತ್ತಿರ ಹೋಗಿ ಹೇಳಬಹುದಿತ್ತು. ಹೇಳಿದ್ದರೆ ಪಂದ್ಯವನ್ನೇ ನಿಲ್ಲಿಸಬೇಕಾಗುತ್ತಿತ್ತು. ಅಷ್ಟು ಜನ ಟಿಕೆಟ್ ಕೊಂಡು, ಆ ಮುಖಗಳ ಅಂಗಿ ತೊಟ್ಟು ಬರುತ್ತಿದ್ದಾರೆ, ಹುಲ್ಲಪ್ಪ ಬೇರು ಇಳಿಸಲಾರದೆ ನಿಲ್ಲಿಸಿದ ಎಂದಾಗುತ್ತಿತ್ತು. ಸೌಹಾರ್ದ ಪಂದ್ಯ, ಅರ್ಧ ಬಕೆಟ್ ಆಟ, ಮೂಲೆಯಲ್ಲಿ ಯಾರು ಜೀವ ಬಿಟ್ಟು ಓಡುತ್ತಾರೆ ಎಂದುಕೊಂಡೆ. ಆ ಇಪ್ಪತ್ತೆರಡು ಜನರಲ್ಲಿ ಒಬ್ಬನಿಗೆ ಮಾತ್ರ ಅದು ಸೌಹಾರ್ದ ಪಂದ್ಯವಾಗಿರಲಿಲ್ಲ. ಅವನು ನನ್ನ ಮನೆಯಲ್ಲೇ ತಿಂಡಿ ತಿಂದು ಹೋಗಿದ್ದ.

ಅವನ ಬಗ್ಗೆ ನಾನು ಯೋಚನೆ ಮಾಡಿರಲಿಲ್ಲ ಎಂದುಕೊಳ್ಳಬೇಡ. ಮಾಡಿದ್ದೆ. ಮೇಲೆ ಬರೆದ ಸುಳ್ಳನ್ನು ಈಗ ತಿದ್ದುತ್ತೇನೆ. ನಾಲ್ಕನೆಯ ಲಾರಿ ಬಂದಾಗ ಎಡಗಡೆಯ ಮೂಲೆಯೊಂದೇ ಉಳಿದಿತ್ತು ಎಂದೆ. ಹಾಗಿರಲಿಲ್ಲ. ನಾಲ್ಕು ಮೂಲೆಗಳೂ ಖಾಲಿ ಇದ್ದವು. ದಪ್ಪ ಸುರುಳಿಗಳೂ ಮೂರು ಮೂಲೆಗೆ ಸಾಕಾಗುವಷ್ಟು ಉಳಿದಿದ್ದವು. ತೆಳುವಾದದ್ದನ್ನು ಎಲ್ಲಿ ಹಾಕಬೇಕು ಎಂದು ನಾನು ಒಬ್ಬನೇ ನಿಂತು ಆರಿಸಿದೆ. ಪುಟ್ಟ ಬಲಗಡೆ ಆಡುವವನು. ಅರ್ಧ ಆಟ ಮುಗಿದ ಮೇಲೆ ತಂಡಗಳು ದಿಕ್ಕು ಬದಲಿಸಿದರೂ, ಬಲಗಡೆ ಆಡುವವನು ಚೆಂಡು ಹಿಡಿದು ನುಗ್ಗುವ ಮೂಲೆಗಳು ಎರಡೇ. ಆ ಎರಡಕ್ಕೂ ದಪ್ಪ ಸುರುಳಿ ಹಾಕಿಸಿದೆ. ಉಳಿದ ಎರಡರಲ್ಲಿ ಒಂದಕ್ಕೆ ತೆಳುವಾದದ್ದು. ಅಲ್ಲಿ ಬೇರೆ ಯಾರೋ ಓಡುತ್ತಾರೆ, ಬೇರೆ ಯಾರದೋ ಮಗ. ಹೀಗೆ ಲೆಕ್ಕ ಹಾಕಿದವನು ನಿನ್ನ ತಮ್ಮ. ಬಿದ್ದವನು ಇನ್ನೊಬ್ಬನಾಗಿದ್ದರೆ ನಾನು ಈ ಪತ್ರ ಬರೆಯುತ್ತಲೂ ಇರಲಿಲ್ಲ ಎನ್ನುವುದು ನನಗೆ ಗೊತ್ತು. ನಿನಗೂ ಗೊತ್ತಿರಲಿ.

ಮೊದಲರ್ಧದಲ್ಲಿ ಪುಟ್ಟ ಆಡಿದ್ದನ್ನು ನೀನು ಪಕ್ಕದ ಮನೆಯ ಟಿವಿಯಲ್ಲಿ ನೋಡಿದೆ. ಎದುರಾಳಿಗಳು ವಾಕಿಂಗ್ ಬಂದವರ ಹಾಗೆ ಓಡಾಡುತ್ತಿದ್ದರೆ, ಇವನೊಬ್ಬ ಬೆನ್ನಿಗೆ ಬೆಂಕಿ ಹೊತ್ತಿಕೊಂಡವನ ಹಾಗೆ ಓಡುತ್ತಿದ್ದ. ಅವರ ಡಿಫೆಂಡರ್ ಒಬ್ಬ, ಬಸ್ಸಿನ ಮೇಲೆ ಚಿತ್ರ ಇರುವವನು, ಎರಡು ಸಲ ಇವನಿಗೆ ದಾರಿ ಬಿಟ್ಟು ಮೂರನೆಯ ಸಲ ಮುಖ ಸಿಂಡರಿಸಿದ. ಜನ ನಗಲು ಶುರು ಮಾಡಿದರು. ಆಮೇಲೆ ಇವನ ಅಡ್ಡಹೆಸರು ಹಿಡಿದು ಮಿಂಚುಳ್ಳಿ, ಮಿಂಚುಳ್ಳಿ ಎಂದು ಕೂಗಿದರು. ನಾನು ಆಟಗಾರರು ಹೊರಬರುವ ದಾರಿಯ ಬಾಯಲ್ಲಿ ಹುಲ್ಲು ಚುಚ್ಚುವ ಫೋರ್ಕ್ ಹಿಡಿದು ನಿಂತಿದ್ದೆ. ಅಕ್ಕ, ನನಗೆ ಹೆಮ್ಮೆಯಾಯಿತು. ಆ ಮೂಲೆಯನ್ನು ಮರೆತೇಬಿಟ್ಟಿದ್ದೆ.

ಅರ್ಧ ಆಟದ ಬಿಡುವಿನಲ್ಲಿ ಅವನನ್ನು ನೋಡಲು ಬಂದಿದ್ದ ಮನುಷ್ಯ ನಮ್ಮ ಕೋಚ್ ಹತ್ತಿರ ಬಂದು ಏನೋ ಕೇಳಿದ. ಏನೆಂದು ಆಮೇಲೆ ತಿಳಿಯಿತು. ಈ ಹುಡುಗನಿಗೆ ಎಡಗಾಲೂ ಬರುತ್ತಾ, ಆ ಕಡೆಯೂ ಆಡಿಸಿ, ನೋಡೋಣ ಅಂದನಂತೆ. ಎರಡನೆಯ ಅರ್ಧಕ್ಕೆ ತಂಡ ಹೊರಗೆ ಬಂತು. ಪುಟ್ಟ ನನ್ನ ಪಕ್ಕದಲ್ಲೇ ಓಡಿಹೋದ. ಹೋಗುತ್ತಾ ಮಾವ, ಎಡಗಡೆ ಹಾಕಿದಾರೆ ಅಂತ ಖುಷಿಯಿಂದ ಹೇಳಿದ. ದಿಕ್ಕು ನೋಡಿದೆ. ಅವನು ನುಗ್ಗಬೇಕಾದದ್ದು ಅದೇ ಮೂಲೆಗೆ.

ಆಗ ಅವನ ತೋಳು ಹಿಡಿದು ನಿಲ್ಲಿಸಲು ನನಗೆ ಸಮಯವಿತ್ತು. ಒಂದು ಮಾತು, ಆ ಮೂಲೆಗೆ ಹೋಗಬೇಡ ಕಣೋ ಅಂದಿದ್ದರೆ ಸಾಕಿತ್ತು. ಅವನು ಕೋಚ್‌ಗೆ ಹೇಳುತ್ತಿದ್ದ, ಕೋಚ್ ಮ್ಯಾನೇಜರಿಗೆ ಹೇಳುತ್ತಿದ್ದರು, ನನ್ನ ಸಹಿ ಎಲ್ಲರ ಮುಂದೆ ಬರುತ್ತಿತ್ತು. ಚೆನ್ನಾಗಿ ಆಡು ಅಂದೆ. ಅಷ್ಟೇ ಅಂದದ್ದು.

ಇಪ್ಪತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ನಡುವಿನಿಂದ ಒಂದು ಉದ್ದನೆಯ ಚೆಂಡು ಬಂತು. ಯಾರೂ ಹಿಂದೆ ಹೋಗುವ ಚೆಂಡಲ್ಲ ಅದು, ಸೌಹಾರ್ದ ಪಂದ್ಯದಲ್ಲಿ ಹೊರಗೆ ಹೋಗಲಿ ಎಂದು ಬಿಡುತ್ತಾರೆ. ಇವನು ಬಿಡಲಿಲ್ಲ. ಮೂಲೆಯ ಬಾವುಟದ ಹತ್ತಿರ ಚೆಂಡನ್ನು ಹಿಡಿದು, ಎಡಗಾಲು ಊರಿ, ಒಳಗೆ ತಿರುಗಿದ. ಊರಿದ ಕಾಲಿನ ಕೆಳಗೆ ಹುಲ್ಲು ಜಾರಿತು. ಪಾದ ಹುಲ್ಲಿನ ಜೊತೆ ಹೋಯಿತು, ಮಂಡಿ ಹಿಂದೆ ಉಳಿಯಿತು. ಅವನ ಕೂಗು ನನಗೆ ಅಷ್ಟು ದೂರಕ್ಕೂ ಕೇಳಿಸಿತು.

ಮಾವ ಎಲ್ಲರಿಗಿಂತ ಮುಂಚೆ ಓಡಿ ಬಂದಿದ್ದನ್ನು ಟಿವಿಯಲ್ಲಿ ನೋಡಿ ಸಮಾಧಾನವಾಯಿತು ಅಂತ ಆಸ್ಪತ್ರೆಯಲ್ಲಿ ನೀನು ನನ್ನ ಕೈ ಹಿಡಿದು ಹೇಳಿದೆ. ನೀನಿದ್ದೆಯಲ್ಲೋ ಅಲ್ಲಿ, ಸದ್ಯ ಅಂದೆ. ಅಕ್ಕ, ನಾನು ಓಡಿದ್ದು ನಿಜ. ಡಾಕ್ಟರಿಗಿಂತ ಮುಂಚೆ ತಲುಪಿದ್ದೂ ನಿಜ. ಕ್ಯಾಮೆರಾ ಅಷ್ಟು ಹೊತ್ತಿಗೆ ಬೇರೆ ಕಡೆ ತಿರುಗಿತ್ತು, ಅದಕ್ಕೇ ಉಳಿದದ್ದು ನಿನಗೆ ಕಾಣಲಿಲ್ಲ. ಸುರುಳಿಯ ಅಂಚು ಒಂದು ಗೇಣು ಮೇಲೆದ್ದು ಮಡಚಿಕೊಂಡಿತ್ತು. ನಾನು ಮೊದಲು ಅದನ್ನು ಬೂಟುಗಾಲಿನಿಂದ ಒತ್ತಿ ಸರಿ ಮಾಡಿದೆ. ಮೇಲೆ ಹಿಮ್ಮಡಿ ಊರಿ ನಿಂತೆ. ಆಮೇಲೆ ಬಗ್ಗಿ ಅವನ ಮುಖ ನೋಡಿದೆ. ಅವನು ನೆಲದ ಮೇಲೆ ಮುಖ ಇಟ್ಟುಕೊಂಡು ನನ್ನ ಬೂಟನ್ನೇ ನೋಡುತ್ತಿದ್ದ.

ಅದಕ್ಕೇ ಸಮಿತಿಯವರು ತೆಗೆಸಿದ ಫೋಟೋಗಳಲ್ಲಿ ಮೂಲೆ ಮಟ್ಟಸವಾಗಿ ಕಾಣುತ್ತದೆ. ಅದಕ್ಕೇ ನೆಲ ಸರಿಯಿತ್ತು ಎನ್ನುತ್ತಿದ್ದಾರೆ.

ಆಸ್ಪತ್ರೆಯಲ್ಲಿ ನೀನು ಬರುವ ಮುಂಚೆ, ಅವನು ನನ್ನನ್ನು ಒಂದೇ ಒಂದು ಮಾತು ಕೇಳಿದ. ಮಾವ, ಮೂಲೆ ಸರಿ ಇತ್ತಲ್ವಾ ಅಂದ. ಇತ್ತು ಕಣೋ ಅಂದೆ. ಹಂಗಾದ್ರೆ ನಾನೇ ಕಾಲು ತಪ್ಪಾಗಿ ಇಟ್ಟೆ ಅನ್ಸುತ್ತೆ ಅಂದ. ಅವತ್ತಿನಿಂದ ನನಗೆ ಮರ್ಯಾದೆ ಕೊಡುತ್ತಿದ್ದಾನೆ.

ಅಮ್ಮ ಹೋದಾಗ ನನಗೆ ಆರು ವರ್ಷ, ನಿನಗೆ ಹದಿನೈದು. ಶಾಲೆ ಬಿಟ್ಟು ನನ್ನನ್ನು ಸಾಕಿದೆ. ನಾನು ಏನೇ ಒಡೆದರೂ ಮುರಿದರೂ ನನ್ನ ತಮ್ಮ ಸುಳ್ಳು ಹೇಳಲ್ಲ ಅಂತ ನೀನು ಅಕ್ಕಪಕ್ಕದವರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದೆ. ಆಗಲೂ ನಾನು ಸುಳ್ಳು ಹೇಳುತ್ತಿದ್ದೆ ಅಕ್ಕ. ನೀನು ಜಗಳಕ್ಕೆ ನಿಂತ ಮೇಲೆ ನಿಜ ಹೇಳಲು ಧೈರ್ಯವೇ ಬರುತ್ತಿರಲಿಲ್ಲ.

ಇನ್ನು ಮುಚ್ಚಿಡಲು ನನ್ನ ಹತ್ತಿರ ಏನೂ ಉಳಿದಿಲ್ಲ. ನಾಳೆ ಹನ್ನೊಂದು ಗಂಟೆಗೆ ವಿಚಾರಣೆ. ಪುಟ್ಟನನ್ನು ಕರೆದುಕೊಂಡು ಹೋಗುತ್ತೇನೆ. ಎದ್ದು ನಿಂತು ಎಲ್ಲವನ್ನೂ ಹೇಳುತ್ತೇನೆ. ನಾಲ್ಕನೆಯ ಲಾರಿ, ಎರಡೂ ಕಾಲು ಸೆಂಟಿಮೀಟರ್, ಬೆಳಿಗ್ಗೆ ಎಳೆದು ನೋಡಿದ್ದು, ಬೂಟಿನಿಂದ ಒತ್ತಿದ್ದು, ಎಲ್ಲ. ಕೆಲಸ ಹೋಗುತ್ತದೆ. ನಿವೃತ್ತಿಗೆ ಇನ್ನು ನಾಲ್ಕು ವರ್ಷ ಉಳಿದಿತ್ತು. ಮನೆ ಬಿಡಬೇಕಾಗುತ್ತದೆ. ನನ್ನವಳಿಗೆ ಇನ್ನೂ ಹೇಳಿಲ್ಲ, ಅವಳು ಪಕ್ಕದ ಕೋಣೆಯಲ್ಲಿ ಎಣಿಸುತ್ತಿದ್ದಾಳೆ, ಏಳು, ಎಂಟು. ಹೇಗೋ ಆಗುತ್ತದೆ. ಕೈಕಾಲು ಗಟ್ಟಿ ಇದೆ, ಯಾವುದಾದರೂ ತೋಟದಲ್ಲಿ ಹುಲ್ಲು ಕತ್ತರಿಸಿಯಾದರೂ ಬದುಕುತ್ತೇವೆ. ನೀನು ನನ್ನನ್ನು ಕ್ಷಮಿಸಬೇಕು ಎಂದು ಕೇಳುವುದಿಲ್ಲ. ನಾಳೆಯ ಕೆಲಸ ಮುಗಿಸಿ ಬಂದ ಮೇಲೆ, ನಿನಗೆ ಮನಸ್ಸಿದ್ದರೆ ಒಂದು ಫೋನು ಮಾಡು. ಈ ಸಲ ಸಿಗ್ನಲ್ ಇಲ್ಲ ಅನ್ನುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಕಣ್ಣಿಗೆ ಶ್ರಮ ಕೊಟ್ಟು ಹೊಲಿಯಬೇಡ.

ಇಂತು,
ನಿನ್ನ ಕೈಯಲ್ಲಿ ಬೆಳೆದ ತಮ್ಮ

ತಾ.ಕ.: ಮೇಲಿನದನ್ನು ಬರೆದದ್ದು ಭಾನುವಾರ. ಇವತ್ತು ಬುಧವಾರ. ಪತ್ರ ಮೂರು ದಿನ ಮೇಜಿನ ಖಾನೆಯಲ್ಲಿತ್ತು.

ಸೋಮವಾರ ಹೋದೆವು. ಉದ್ದನೆಯ ಮೇಜಿನ ಆಚೆ ಐದು ಜನ ಕೂತಿದ್ದರು. ಮೊದಲು ನನ್ನನ್ನೇ ಕೇಳಿದರು, ನೆಲದಲ್ಲಿ ಏನಾದ್ರೂ ತೊಂದರೆ ಇತ್ತಾ ಅಂತ. ಎದ್ದು ನಿಂತೆ. ಇಲ್ಲ ಸರ್ ಅಂದೆ. ಹೇಗೆ ಅಂದೆ ಎಂದು ನನಗೇ ಗೊತ್ತಿಲ್ಲ, ಬಾಯಿ ತಾನಾಗಿ ಅಂದಿತು. ಕೂತೆ. ಆಮೇಲೆ ಪುಟ್ಟನನ್ನು ಕೇಳಿದರು. ಅವನು ಒಂದು ಸಲ ನನ್ನ ಕಡೆ ನೋಡಿ, ಮಂಡಿ ಮೊದಲಿಂದ ನೋಯ್ತಿತ್ತು ಸರ್, ಆಡಿಸಲ್ಲ ಅಂತ ಮುಚ್ಚಿಟ್ಟಿದ್ದೆ, ತಪ್ಪು ನನ್ನದೇ ಅಂದ. ಬರೆದುಕೊಂಡರು. ಅವನು ಸಹಿ ಹಾಕಿದ. ಸಾಕ್ಷಿಯ ಜಾಗದಲ್ಲಿ ನನ್ನ ಸಹಿ ಬೇಕೆಂದರು. ಅದನ್ನೂ ಹಾಕಿದೆ.

ಮೆಟ್ಟಿಲಿಳಿಯುವಾಗ ಅವನು ಊರುಗೋಲು ನನ್ನ ಕೈಗೆ ಕೊಟ್ಟು ನನ್ನ ಹೆಗಲು ಹಿಡಿದುಕೊಂಡ. ಮನೆ ಹೋದ್ರೆ ಅತ್ತೆ ಎಲ್ಲಿರ್ತಾರೆ ಮಾವ ಅಂದ.

ತೀರ್ಮಾನದ ಮೇಲೆ ತಕರಾರು ಇದ್ದರೆ ಹತ್ತು ದಿನದೊಳಗೆ ಬರೆದು ಕೊಡಬಹುದಂತೆ. ಎರಡು ದಿನ ಹೋಯಿತು. ಈ ಪತ್ರದ ಪ್ರತಿ ಹಾಳೆಯ ಕೆಳಗೂ ನನ್ನ ಪೂರ್ತಿ ಸಹಿ ಹಾಕಿ ತಾರೀಖು ಬರೆದಿದ್ದೇನೆ. ಜೊತೆಗೆ ಇನ್ನೊಂದು ಖಾಲಿ ಲಕೋಟೆ ಇಟ್ಟಿದ್ದೇನೆ. ಅದರ ಮೇಲೆ ಸಮಿತಿಯ ವಿಳಾಸ ಬರೆದು ಅಂಚೆಚೀಟಿ ಹಚ್ಚಿದ್ದೇನೆ. ನೀನು ಈ ಹಾಳೆಗಳನ್ನು ಅದರೊಳಗೆ ಹಾಕಿ ಅಂಟಿಸಿದರೆ ಸಾಕು.

ಅಂಚೆಪೆಟ್ಟಿಗೆ ನಮ್ಮ ಗೇಟಿನ ಪಕ್ಕದಲ್ಲೇ ಇದೆ. ಸಮಿತಿಯ ಲಕೋಟೆಯನ್ನು ನಾನೇ ಹಾಕಬಹುದಿತ್ತು. ಎರಡು ಸಲ ಹೋಗಿ ನಿಂತು ವಾಪಸು ಬಂದೆ.